ತಮ್ಮ ಹಿಡಿದ ಸುರ್

ನಮ್ಮ ಬೆಳಗಾವಿ ಕಡೆ ಮದುವೆಗೆ ಒಂಟಿ ಸನಾದಿಯನ್ನು ಕರೆಯುವುದಿಲ್ಲ. ಇಬ್ಬರು ಬೇಕು. ಒಬ್ಬ ರಾಗ ನುಡಿಸುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ಕುಳಿತು ಒಂದೇ ಸ್ವರವನ್ನು ಕಡಿಯದಂತೆ ಊದುತ್ತಿರುತ್ತಾನೆ. ಅದಕ್ಕೆ ಸುರ್ ಹಿಡಿಯುವುದು ಅನ್ನುತ್ತೇವೆ. ನಮ್ಮ ಮನೆಯಲ್ಲಿ ರಾಗ ನನ್ನದು, ಸುರ್ ನನ್ನ ತಮ್ಮನದು. ನಾನು ಮಚ್ಛೆಯ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದೆ, ಅವನು ವಡಗಾವಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಲಗ್ನದ ದಿನಗಳಲ್ಲಿ ಮಾತ್ರ ಒಂದೇ ಚಾಪೆಯ ಮೇಲೆ ಕೂಡುತ್ತಿದ್ದೆವು.

ಹೋದ ಮಳೆಗಾಲ ಎದೆನೋವೆಂದು ದವಾಖಾನೆಗೆ ಹೋದ ತಮ್ಮ ತಿರುಗಿ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಖಾನಾಪುರದಿಂದ ಫೋನ್ ಬಂತು. ಅಪ್ಪನ ಕಾಲದಿಂದಲೂ ನಾವೇ ಊದುತ್ತ ಬಂದ ಮನೆ ಅದು. ಯಜಮಾನರು ತಮ್ಮನ ಸುದ್ದಿ ಎತ್ತಿ ಮರುಗಿದರು. ಆಮೇಲೆ ಕೇಳಿದರು:

"ಬ್ಯಾಸಗ್ಯಾಗ ಮೊಮ್ಮಗಳ ಲಗ್ನ ಐತಿ. ಜೋಡಿ ಇಲ್ಲಂದ್ರ ಸಂಕೋಚ ಮಾಡಬ್ಯಾಡ್ರಿ, ಬ್ಯಾಂಡಿನವರಿಗೆ ಹೇಳ್ತೇವಿ."

"ಜೋಡಿ ಐತ್ರಿ, ಬರ್ತೇವಿ" ಅಂದುಬಿಟ್ಟೆ.

ಜೋಡಿ ಎಲ್ಲಿತ್ತು? ದಿನವೆಲ್ಲ ಒಂದೇ ಸ್ವರ ಊದಲು ಯಾರೂ ಒಪ್ಪಲಿಲ್ಲ. ಮೊಬೈಲಿನ ಶ್ರುತಿ ಹಚ್ಚಿ ನೋಡಿದೆ. ತಂಬೂರಿ ಕೇಳಿಸಿತು, ಸನಾದಿ ಕೇಳಿಸಲಿಲ್ಲ. ಹಿಂದೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಒಬ್ಬರು ಈಗ ರವಿವಾರ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಅವರಲ್ಲಿ ಒಂದು ಹಳೆಯ ಡಿಜಿಟಲ್ ಸಿಂಥಸೈಜರ್ ಇದೆ, ಮಾರುತ್ತಾರೆ ಎಂದು ತಿಳಿಯಿತು. ಹೋದೆ. ಚೀಲಗಳ ಮೇಲೆ ಬಟ್ಟೆ ಹೊದ್ದು ಮಲಗಿತ್ತು. ಎತ್ತಿದರೆ ಕಬ್ಬಿಣದ ಭಾರ.

"ಇದರಾಗ ಸನಾದಿ ಇಲ್ರಿ. ನಿಮಗ ಬೇಕಾದ ದನಿ ನೀವಽ ಹುಟ್ಟಿಸ್ಕೋಬೇಕು" ಅಂದರು. "ಮತ್ತ ಎರಡು ಕೀ ನುಡಿಯಂಗಿಲ್ಲ, ಮೊದಲಽ ಹೇಳ್ತೇನಿ."

"ನನಗ ಒಂದು ನುಡದ್ರ ಸಾಕ್ರಿ."

ಅವರು ಸೀನುತ್ತಲೇ ನಕ್ಕರು. "ಇಂಥಾ ಗಿರಾಕಿ ಮೊದಲ ಸಿಕ್ಕಿದ್ರ ಉಳಿದದ್ದೆಲ್ಲ ಕಿತ್ತು ಬ್ಯಾರೆ ಮಾರತಿದ್ದೆ."

ಆದರೆ ಒಳ್ಳೆಯ ಮನುಷ್ಯ. ತಕ್ಕಡಿಯ ಬಾಜುವಿಗೆ ಕೂರಿಸಿ ಕಲಿಸಿದರು. ಯಂತ್ರದೊಳಗೆ ಒಂದು ಅಲೆ ಇನ್ನೊಂದು ಅಲೆಯನ್ನು ಅಲುಗಿಸುತ್ತದೆ. ಕಡಿಮೆ ಅಲುಗಿಸಿದರೆ ದನಿ ಕೊಳಲಿನ ಹತ್ತಿರ ಹೋಗುತ್ತದೆ, ಹೆಚ್ಚು ಅಲುಗಿಸಿದರೆ ತಗಡಾಗುತ್ತದೆ. ಸನಾದಿ ಎಲ್ಲೋ ನಡುವೆ ಇದೆ, ಹುಡುಕಬೇಕು.

ಪುಟ್ಟ ಪರದೆಯ ಇಂಗ್ಲಿಷ್ ನನಗೆ ಅರ್ಧಮರ್ಧ. ಆದರೆ ಒಂದು ಕೂದಲೆಳೆಯಷ್ಟು ತೆಗೆಯುವುದು, ನೋಡುವುದು, ಮತ್ತೆ ತೆಗೆಯುವುದು ಲೇಥ್ ಕಲಿಸಿದ ಕೆಲಸ. ಯಂತ್ರವನ್ನು ಕೊಂಡು ತಂದು, ರಜೆಯ ದಿನ ಮನೆಯಲ್ಲಿ ಕುಳಿತು ಅಂಕಿಗಳನ್ನು ಒಂದೊಂದೇ ಸರಿಸಿದೆ. ಮೊದಲು ದುಂಬಿ ಬಂತು, ಆಮೇಲೆ ಲಾರಿಯ ಹಾರ್ನ್ ಬಂತು. ಕಡೆಗೊಮ್ಮೆ ಸನಾದಿಯ ಓಲೆಯ ನಾಲಿಗೆ ತುಟಿಯ ನಡುವೆ ಗರಗರಿಸುವ ಆ ದನಿ ಬಂತು. ಬೀಗುತ್ತ ತಮ್ಮನ ಹೆಂಡತಿಯನ್ನು ಕರೆದೆ. ನಮ್ಮವು ಗೋಡೆಗೆ ಗೋಡೆ ಹತ್ತಿದ ಮನೆಗಳು. ದಿನಾ ಮುಂಜಾನೆ ನಾನು ಈ ಕಡೆ ಊದುತ್ತ, ತಮ್ಮ ಆ ಕಡೆ ಸುರ್ ಹಿಡಿದು ರಿಯಾಜ್ ಮಾಡುವಾಗ ಅವಳು ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ಕೇಳಿಸಿಕೊಂಡು, "ದನಿ ಅವರದಽ" ಅಂದಳು. "ಆದ್ರ ನಿದ್ದಿ ಹತ್ತಿದಂಗ ಐತ್ರಿ ಭಾವಾರ."

"ಸುರ್ ಅಂದ್ರ ಇದ್ದಲ್ಲೇ ಇರೂದವ್ವಾ. ಅದೇನು ಕುಣೀತೈತೇನು?"

"ಹಂಗಾದ್ರ ನೀವು ಜೋಡಿ ಊದ್ರಿ, ನೋಡೂಣು."

ಕೀ ಮೇಲೆ ಒಂದು ತೂಕದ ಕಲ್ಲು ಇಟ್ಟು ಸನಾದಿ ಎತ್ತಿದೆ. ನಾನು ಉಸಿರು ತೆಗೆದುಕೊಂಡ ಕಡೆಯೆಲ್ಲ ರಾಗದಲ್ಲಿ ತೂತು ಬಿದ್ದು ಕಾಣಿಸಿತು. ಇಷ್ಟು ವರ್ಷ ಊದಿದ ನನಗೇ ಅದು ಹೊಸದು.

ಅವಳು ಹೇಳಿದಳು: "ನೀವು ಉಸಿರು ತಗೊಳ್ಳೂ ಮುಂದ ಅವರು ಒಂದೀಟು ಗಟ್ಟಿ ಹಿಡೀತಿದ್ರು. ಅಣ್ಣ ಉಸಿರು ತಗೊಂಡಿದ್ದು ಮಂದಿಗೆ ಗೊತ್ತಾಗಬಾರದು ಅಂತಿದ್ರು."

ಸನಾದಿಯನ್ನು ತೊಡೆಯ ಮೇಲಿಟ್ಟೆ. ನನ್ನ ಉಸಿರು ಉದ್ದ ಎಂದು ಜನ ಹೊಗಳುತ್ತಿದ್ದರು. ಆ ಉದ್ದದಲ್ಲಿ ಒಂದು ಪಾಲು ಅವನದು. ಇಂಥ ಸುರ್ ಹಿಡಿಯುವವನು ಬೆಳಗಾವಿಯಲ್ಲಿ ಇನ್ನೊಬ್ಬನಿದ್ದನೇ ಎಂದು ಎದೆ ತುಂಬಿ ಬಂತು.

ಪೇಟೆಗೆ ಮತ್ತೆ ಹೋಗಿ ಕಾಲಿನ ಪೆಡಲ್ ತಂದೆ. ಅದನ್ನು ಒತ್ತಿದರೆ ದನಿಯೂ ಗರಗರವೂ ಒಟ್ಟಿಗೆ ಏರುವಂತೆ ಹೊಂದಿಸಿದೆ. ಉಸಿರು ಮುಗಿಯುವ ಮೊದಲೇ ಕಾಲು ಒತ್ತಬೇಕು, ಉಸಿರು ಬಂದಮೇಲೆ ಮೆಲ್ಲಗೆ ಬಿಡಬೇಕು. ಕಾಲಿಗೆ ಅದು ಬರಲು ಚಳಿಗಾಲ ಪೂರ್ತಿ ಹಿಡಿಯಿತು. ಆ ದನಿಗೆ ಯಂತ್ರದಲ್ಲಿ ಹೆಸರು ಕೊಡಬೇಕಿತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ 'ತಮ್ಮ' ಎಂದು ಇಟ್ಟೆ.

ಖಾನಾಪುರದ ಹಂದರದಲ್ಲಿ ಬೆಳಗಿನಿಂದ ಅಕ್ಷತೆಯವರೆಗೆ ಊದಿದೆ. ಯಜಮಾನರು ಎದುರಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಎದ್ದು ಬಂದವರ ಕೈಯಲ್ಲಿ ಯಾವತ್ತಿನಂತೆ ಎರಡು ಟೊಪ್ಪಿಗೆ, ಎರಡು ಟಾವೆಲ್, ಎರಡು ತೆಂಗಿನಕಾಯಿ. ಒಂದು ಜೊತೆ ನನಗೆ ಕೊಟ್ಟು, ಇನ್ನೊಂದನ್ನು ಹಿಡಿದು ಯಂತ್ರದ ಮುಂದೆ ನಿಂತರು.

"ಕಾಕಾ, ಅದಕ್ಕ ತಲಿ ಎಲ್ಲೈತ್ರಿ?" ಎಂದು ಬೀಗರ ಕಡೆಯವರೊಬ್ಬರು ನಕ್ಕರು.

"ಸುಮ್ಮ ಕುಂದರೋ. ಜೋಡಿ ಅಂದ್ರ ಜೋಡಿ" ಎಂದು ಯಜಮಾನರು ನುಡಿಯದ ಆ ಎರಡು ಕೀಗಳ ಮೇಲೆ ಟೊಪ್ಪಿಗೆ ಇಟ್ಟರು.

ಅದನ್ನು ಹಾಗೆಯೇ ತಂದು ತಮ್ಮನ ಹೆಂಡತಿಯ ಕೈಗೆ ಕೊಟ್ಟೆ.

"ಎಲ್ಲೂ ತಪ್ಪಲಿಲ್ಲೇನ್ರಿ?"

"ಒಂದ್ಸಲ ಕಾಲು ಒತ್ತೂದು ಮರತೆ."

ಅವಳು ಟೊಪ್ಪಿಗೆಯ ಮಡಿಕೆ ಸರಿಮಾಡಿದಳು. "ಅವರು ಮರೀತಿದ್ದಿಲ್ಲ" ಅಂದಳು.

"ಖರೇ" ಅಂದೆ. "ಅಂವ ಒಮ್ಮಿನೂ ಮರೀಲಿಲ್ಲ."