ನೆಗೆಟಿವ್ ಹೊತ್ತುಕೊಂಡು ನೆಗ್ರಿಟ್ಯೂಡಿಗೆ

ಹೋದ ಮಂಗಳವಾರ ಒಂದು ಡಬ್ಬಿ ಹಳೆಯ ಫೋಟೋ ನೆಗೆಟಿವ್ ಬಗಲಲ್ಲಿಟ್ಟುಕೊಂಡು ಮುಂಡರಗಿಯ ಒಂದು ಕಾಲೇಜಿನ ವೇದಿಕೆ ಹತ್ತಿ, ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂತುಬಿಟ್ಟೆ. ಕೂಡ್ರಿ ಅಂತ ಯಾರೂ ಅಂದಿರಲಿಲ್ಲ.

ತಪ್ಪು ನನ್ನದಲ್ಲ, ಫೋನಿನದು. (ಎಲ್ಲರೂ ಹೀಗೇ ಹೇಳುತ್ತಾರೆ, ಗೊತ್ತು.) ಬೆಟಗೇರಿಯ ನನ್ನ ಸ್ಟುಡಿಯೋ ಮುಂದೆ ಟಂಟಂ ಗಾಡಿಯೊಂದು ಗುಡುಗುತ್ತಿರುವಾಗ ಆ ಕಾಲೇಜಿನ ಮೇಡಂ ಫೋನ್ ಮಾಡಿದ್ದರು. "ಸರ, ನೆಗ್ರಿಟ್ಯೂಡ್ ಮ್ಯಾಲೆ ಕಾರ್ಯಕ್ರಮ ಐತ್ರಿ. ಹನ್ನೊಂದಕ್ಕ ಬರ್ರಿ, ನೀವ ಬೇಕು." ನನ್ನ ಕಿವಿಗೆ ಬಿದ್ದದ್ದು ನೆಗೆಟಿವ್.

ಬೀಳದೆ ಇನ್ನೇನು? ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಡಾರ್ಕ್‌ರೂಮ್ ಸೇರಿದವ ನಾನು. ಫಿಲ್ಮಿನ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಮುಖ ತಿದ್ದುವ ಕೆಲಸದಲ್ಲಿ ನನ್ನನ್ನು ಸರಿಗಟ್ಟುವವರು ಗದಗಿನಲ್ಲಿ ಇರಲಿಲ್ಲ. ಇದು ಜಂಬವಲ್ಲ, ಮಾಹಿತಿ. ಕೊನೆಗೂ ಓದಿದವರಿಗೆ ನಮ್ಮ ನೆನಪಾಯಿತಲ್ಲ ಎಂದು ಚಹಾದಂಗಡಿ, ಕಟಿಂಗ್ ಶಾಪ್, ಎದುರಿನ ಕಿರಾಣಿ ಅಂಗಡಿ ಎಲ್ಲ ಕಡೆ ಹೇಳಿಬಂದೆ: ಕಾಲೇಜಿನಲ್ಲಿ ನನ್ನ ಭಾಷಣ.

ನನ್ನ ಹೆಂಡತಿ ಶರ್ಟಿಗೆ ಇಸ್ತ್ರಿ ಹಾಕುತ್ತ ಅಂದಳು, "ಮಾತಾಡದ ಹಂಗ ಬಂದ್ರ ಓಣ್ಯಾಗಿನ ಮಂದಿ ನಿಮ್ಮನ್ನ ಬಿಡೂದಿಲ್ಲ ನೋಡ್ರಿ."

ವೇದಿಕೆಗೆ ಬಂದ ಮೇಡಂ ನನ್ನನ್ನು ನೋಡಿದರು. ಡಬ್ಬಿ ನೋಡಿದರು. "ಸರ, ಕ್ಯಾಮೆರಾ ಎಲ್ಲೈತ್ರಿ?"

ಫೋಟೋ ತೆಗೆಯಲು ಕರೆದಿದ್ದರು. ನಾನು ಕ್ಯಾಮೆರಾ ಒಂದು ಬಿಟ್ಟು ಎಲ್ಲ ತಂದಿದ್ದೆ.

ಎದ್ದು ಹೊರಡಬೇಕಿತ್ತು. ಆದರೆ ಬೆಟಗೇರಿಗೆ ಯಾವ ಮುಖ ಹೊತ್ತು ಹೋಗಲಿ? ಅಷ್ಟರಲ್ಲಿ ಮುಖ್ಯ ಅತಿಥಿಯ ಫೋನ್ ಬಂತು: ಡಂಬಳದ ಹತ್ತಿರ ಕಾರು ಪಂಕ್ಚರ್. ಹಾಲ್‌ನಲ್ಲಿ ಹುಡುಗರು ಸೀಟಿ ಹೊಡೆಯಲು ಶುರುಮಾಡಿದರು.

"ಮೇಡಂ, ಅವರು ಬರೂತನಕ ನಾ ಎರಡ ಮಾತ ಆಡ್ಲೇನ್ರಿ?"

"ನೆಗ್ರಿಟ್ಯೂಡ್ ಅಂದ್ರೇನಂತ ಗೊತ್ತೈತೇನ್ರಿ ನಿಮಗ?"

"ಈಗ ಹೇಳ್ರಿ, ಗೊತ್ತಾಕ್ಕೈತಿ."

ಹೇಳಿದರು. ಆಫ್ರಿಕಾದ ನಾಡುಗಳನ್ನು, ಕೆರಿಬಿಯನ್ ದ್ವೀಪಗಳನ್ನು ಫ್ರೆಂಚರು ಆಳುತ್ತಿದ್ದಾಗ ಅಲ್ಲಿಯ ಕರಿಯ ತರುಣರು ಪ್ಯಾರಿಸ್ಸಿಗೆ ಓದಲು ಹೋದರಂತೆ. ತಮ್ಮನ್ನು ಹೀಯಾಳಿಸಲು ಬಳಸುತ್ತಿದ್ದ ಪದವನ್ನೇ ಎತ್ತಿಕೊಂಡು, ಅದರಿಂದಲೇ ಈ ಹೊಸ ಪದ ಕಟ್ಟಿದರಂತೆ. ಹೌದು, ನಾವು ಕಪ್ಪು. ನಮ್ಮ ಬಣ್ಣ, ನಮ್ಮ ಹಾಡು, ನಮ್ಮ ಅಜ್ಜಂದಿರು ಯಾವುದರ ಬಗ್ಗೆಯೂ ನಮಗೆ ನಾಚಿಕೆಯಿಲ್ಲ, ನಿಮ್ಮಂತಾಗುವ ದರಕಾರವೂ ಇಲ್ಲ ಎಂದು ಕವಿತೆ ಬರೆದರಂತೆ.

ಇಷ್ಟೇನಾ? ಇದು ನನ್ನ ಧಂದೆಯ ವಿಷಯವೇ ಅಲ್ಲವೇ? (ತಿರುಗಾಮುರುಗಾ ಇರಬಹುದು.)

ಮೈಕ್ ಹಿಡಿದೆ. ಒಂದು ನೆಗೆಟಿವನ್ನು ಕಿಟಕಿಯ ಬೆಳಕಿಗೆ ಎತ್ತಿದೆ. "ನೋಡ್ರಿ, ಇದರಾಗ ಕಪ್ಪಿದ್ದದ್ದು ಬೆಳ್ಳಗ, ಬೆಳ್ಳಗಿದ್ದದ್ದು ಕಪ್ಪಗ. ಪ್ರಿಂಟಿನ್ಯಾಗ ಹುಡುಗಿ ಮಾರಿ ಬೆಳ್ಳಗ ಬರಬೇಕಂದ್ರ ಇಲ್ಲಿ ಪೆನ್ಸಿಲ್ಲಿಲೆ ಕಪ್ಪ ಹಚ್ಚಬೇಕು. ಭಾಳ ಬೆಳ್ಳಗ ಬೇಕಂದ್ರ ಭಾಳ ಕಪ್ಪ."

ಹಾಲ್ ಬಿದ್ದು ಬಿದ್ದು ನಕ್ಕಿತು. ಲಕ್ಷ್ಮೇಶ್ವರ, ಶಿರಹಟ್ಟಿಯಿಂದೆಲ್ಲ ತಾಯಂದಿರು ಮಗಳನ್ನು ಕರೆದುಕೊಂಡು ಬಂದು, ಅವಳ ಎದುರಿಗೇ "ಒಂದೀಟು ಬೆಳ್ಳಗ ಮಾಡಿಕೊಡ್ರಿ" ಅನ್ನುತ್ತಿದ್ದುದನ್ನೂ ಹೇಳಿದೆ. ನಾನು ಎಂದೂ ಇಲ್ಲ ಅಂದವನಲ್ಲ. ಕೆಲಸ ಅಂದರೆ ಕೆಲಸ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ನಿಮ್ಮ ಫೋಟೋಕ್ಕೂ ಪೆನ್ಸಿಲ್ ಹಚ್ಕೊಂಡಿದ್ರೇನ್ರಿ?"

ಎಲ್ಲರ ಕಣ್ಣು ನನ್ನ ಮುಖಕ್ಕೆ ತಿರುಗಿದವು. (ನನ್ನ ಮೈಬಣ್ಣ ಕುರ್ತಕೋಟಿ ಕಡೆಯ ಕಪ್ಪು ಎರೆ ಮಣ್ಣಿನದು. ಮಳೆಯಾದ ಮೇಲಿನದು.)

"ಛೇ ಛೇ, ನಾ ಯಾಕ ಹಚ್ಕೋಲಿ? ಇದ್ದದ್ದು ಇದ್ದಂಗ ಇರಬೇಕು."

ಚಪ್ಪಾಳೆ ಬಿತ್ತು. ಅತಿಥಿಗಳೂ ಬಂದರು. ನಾನು ಗೆದ್ದ ಪೈಲ್ವಾನನಂತೆ ಬಸ್ ಹತ್ತಿದೆ.

ಮನೆಗೆ ಬಂದರೆ ನನಗಿಂತ ಮೊದಲು ನನ್ನ ಭಾಷಣದ ವಿಡಿಯೋ ಬಂದು ಮುಟ್ಟಿತ್ತು. ಹೆಂಡತಿ ಮೊಬೈಲ್ ಹಿಡಿದು ಕೂತಿದ್ದಳು.

"ಮೈಕಿನ್ಯಾಗ ಎಷ್ಟ ಚಂದ ಸುಳ್ಳ ಹೇಳ್ತೀರಿ ನೀವು. ನನ್ನ ನೋಡಾಕ ಬರೂಕ್ಕಿಂತ ಮೊದಲ ಒಂದು ಫೋಟೋ ಕಳಿಸಿದ್ರಲ್ಲ, ಅದಕ್ಕ ಎಷ್ಟು ಪೆನ್ಸಿಲ್ ಸವದಿದ್ವು?"

"ಒಂದು," ಅಂದೆ. (ಒಂದೂವರೆ.) "ನಿನಗ ಮೊದಲ ಗೊತ್ತಿತ್ತೇನು?"

"ಕಣ್ಣಿಲ್ಲೇನು ನನಗ?"

"ಮತ್ತ ಒಲ್ಲೆ ಅನ್ನಲಿಲ್ಲ ಯಾಕ?"

"ಫೋಟೋದಾಗಿನಾವ ಕುದಿಸಿ ಸುಲಿದ ಆಲೂಗಡ್ಡಿ ಇದ್ದಂಗ ಇದ್ದ. ಇವನ್ನ ಹೆಂಗ ಕಟ್ಕೊಳ್ಳೂದು ಅಂತ ಎರಡು ದಿನ ಅತ್ತಿದ್ದೆ. ಆಮ್ಯಾಲೆ ನೀವು ಕಪ್ಪಗ ಬಂದು ಬಾಗಲದಾಗ ನಿಂತ್ರಿ. ಜೀವಕ್ಕ ತಂಪಾತು." ಹೇಳಿ, ಕುಕ್ಕರ್ ಕೂಗಿತೆಂದು ಎದ್ದು ಹೋದಳು.

ಅಲ್ಲ, ಹಾಗಾದರೆ ಇಷ್ಟು ವರ್ಷ ನಾನು ಎಷ್ಟು ಜನರ ಮುಖ ಕೆಡಿಸಿದೆ?