ಗೊಂಬೆಯೊಳಗಿನ ಗಿಡ್ಡಮ್ಮ

ಕಾನಹೊಸಹಳ್ಳಿಯ ಅಂಗನವಾಡಿ ಗೋಡೆಗೆ ಯಾರೋ ಸಿನಿಮಾ ಪೋಸ್ಟರ್ ಅಂಟಿಸಿ ಹೋಗಿದ್ದರು. ಮಚ್ಚು ಹಿಡಿದ, ಬಾಯಿ ಹರಿದ ಒಂದು ಗೊಂಬೆ. ಬೆಳಿಗ್ಗೆ ಕಸ ಗುಡಿಸಲು ಬಂದ ಗಿಡ್ಡಮ್ಮ ಅದನ್ನು ನೋಡಿದವಳೇ ಪೊರಕೆ ಕೆಳಗಿಟ್ಟು ಉಗುರಿನಿಂದ ಕೆರೆದು ಕೆರೆದು ಕಿತ್ತಳು. ಕೆಳಗಿನ ಅರ್ಧ ಬಂತು. ಮೇಲಿನ ಅರ್ಧಕ್ಕೆ ಕೈ ಎಟುಕಲಿಲ್ಲ, ಗೊಂಬೆಯ ಮುಖ ಗೋಡೆಯ ಮೇಲೆ ಹಾಗೇ ಉಳಿಯಿತು.

ಆ ಗೊಂಬೆಯ ಒಳಗಿದ್ದವಳು ಅವಳೇ.

ಗಿಡ್ಡಮ್ಮ ಎಂಬುದು ಅವಳ ಅಜ್ಜಿಯ ಹೆಸರು. ತೊಟ್ಟಿಲಿಗೆ ಹಾಕಿ ಆ ಹೆಸರು ಕೂಗಿದ ದಿನ, ಈ ಕೂಸು ಮೂರೂವರೆ ಅಡಿಗಿಂತ ಮೇಲೆ ಬೆಳೆಯುವುದಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. ಬೆಳೆದ ಮೇಲೆ ಊರವರು ನಕ್ಕರು, ಕೆಲವರು ಮರುಕಪಟ್ಟರು. ಎರಡನ್ನೂ ಅವಳು ಅಭ್ಯಾಸ ಮಾಡಿಕೊಂಡಳು. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದ ಮೇಲೆ ಮಾತ್ರ ಅವಳ ಎತ್ತರಕ್ಕೊಂದು ಬೆಲೆ ಬಂತು. ಹೊಸದಾಗಿ ಬಂದ ಮಗು ಅತ್ತರೆ ಉಳಿದವರು ಬಗ್ಗಬೇಕು, ಕುಕ್ಕರಗಾಲಲ್ಲಿ ಕೂರಬೇಕು. ಗಿಡ್ಡಮ್ಮ ಎದುರಿಗೆ ಬಂದು ನಿಂತರೆ ಸಾಕಿತ್ತು.

ಹೋದ ಬೇಸಿಗೆಯಲ್ಲಿ ಗುಡೇಕೋಟೆಯ ಕೋಟೆಗೆ ಶೂಟಿಂಗಿನವರು ಬಂದಿದ್ದರು. ಗೊಂಬೆಯ ವೇಷಕ್ಕೆ ಆಗುವಂಥವರು ಬೇಕೆಂದು ಚಹಾದಂಗಡಿಯಲ್ಲಿ ವಿಚಾರಿಸಿಕೊಂಡು ಸಂಜೀವ ಎಂಬ ಬೆಂಗಳೂರಿನ ಹುಡುಗ ಅವಳ ಮನೆಗೇ ಬಂದ.

"ಮುಖ ಕಾಣಲ್ಲಕ್ಕ. ಪೂರ್ತಿ ಮುಖವಾಡ ಇರುತ್ತೆ" ಎಂದ.

ಮುಖ ಕಾಣುವುದಿಲ್ಲ ಎಂದಿದ್ದಕ್ಕೇ ಅವಳು ಒಪ್ಪಿದ್ದು. ಅಂಗನವಾಡಿಗೆ ರಜೆ ಹಾಕಿ ಹೋದಳು. ರಬ್ಬರಿನ ಮುಖವಾಡದೊಳಗೆ ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಒಂದು ಮಧ್ಯಾಹ್ನ ಕೋಟೆಯ ಮೆಟ್ಟಿಲು ಇಳಿಯುವ ದೃಶ್ಯ. ಓಡಿ ಬಾ ಎಂದಿದ್ದರು ನಿರ್ದೇಶಕರು. ಗಿಡ್ಡಮ್ಮ ಓಡಲಿಲ್ಲ. ಒಂದೊಂದು ಮೆಟ್ಟಿಲಿಗೂ ನಿಂತಳು. ಮೈ ಅಲುಗದಂತೆ ಕತ್ತನ್ನಷ್ಟೇ ತಿರುಗಿಸಿ, ಯಾರನ್ನೋ ಹುಡುಕುವವಳಂತೆ ನೋಡಿ, ಮತ್ತೊಂದು ಮೆಟ್ಟಿಲು ಇಳಿದಳು. ಕ್ಯಾಮೆರಾದವನು ಹಿಂದಕ್ಕೆ ಸರಿದ. ನಾಯಕಿ ನಿಜವಾಗಿಯೇ ಚೀರಿದಳು. ಮುಖವಾಡ ತೆಗೆದ ಮೇಲೂ ಹತ್ತಿರ ಬರಲಿಲ್ಲ.

ತನ್ನನ್ನು ಕಂಡು ಜನ ಹಿಂದೆ ಸರಿದದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಅದು ಅವಳಿಗೆ ಹಿಡಿಸಿತು. ಎಷ್ಟು ಹಿಡಿಸಿತೆಂಬುದನ್ನು ಯಾರಿಗೂ ಹೇಳಲಿಲ್ಲ.

ಈಗ ಪೋಸ್ಟರ್ ಬಂದ ಮೇಲೆ ಅದೇ ನೆನಪು ಎದೆಯೊಳಗೆ ಕಲ್ಲಾಗಿ ಕೂತಿತು. ಆವತ್ತು ದೊಡ್ಡವರೇ ಹೆದರಿದ್ದರು. ಮಕ್ಕಳ ಗತಿ?

ಅಂದೇ ಪಾಲಮ್ಮ ತನ್ನ ಮಗಳ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಗಿಡ್ಡಕ್ಕ, ಆ ಗೊಂಬಿ ನೀನಂತಲ್ಲ, ಖರೇನಾ?"

"ಹ್ಞೂಂ. ಬರೇ ವೇಷ ಅದು."

"ಏನರ ಇರ್ಲೆವ್ವ. ನಮ್ಮ ಹುಡುಗಿ ಮೊದ್ಲ ಅಂಜುಬುರುಕಿ. ಸಿನಿಮಾ ಬರ್ಲಿ, ನೋಡ್ತೀನಿ, ಆಮ್ಯಾಲ ಕಳಿಸ್ತೀನಿ" ಎಂದವಳೇ ಮಗುವನ್ನು ವಾಪಸು ಕರೆದುಕೊಂಡು ಹೋದಳು.

ಮರುದಿನ ಇನ್ನೂ ಕೆಲವು ಮಕ್ಕಳು ಬರಲಿಲ್ಲ. ಜ್ವರವೋ ಸಿನಿಮಾವೋ ತಿಳಿಯದೆ ಗಿಡ್ಡಮ್ಮ ಕಿಟಕಿಯಿಂದ ದಾರಿ ನೋಡುತ್ತ ನಿಂತಳು. ಟೀಚರ್ ದುರ್ಗಾದೇವಿ ಬೈಯಲಿಲ್ಲ. "ಹುಡುಗ್ರು ಹಿಂಗ ಕಡಿಮಿ ಆದ್ರ ಮ್ಯಾಲಿನವರು ಕೇಳ್ತಾರವ್ವ. ನಾ ಏನಂತ ಹೇಳ್ಲಿ?" ಎಂದರು, ಅಷ್ಟೇ. ಆ ದಿನ ಬಡಿಸುವಾಗ ಒಂದು ಮಗು ತನ್ನನ್ನೇ ನೋಡಿದರೂ ಗಿಡ್ಡಮ್ಮ ಮುಖ ಆಚೆ ತಿರುಗಿಸುತ್ತಿದ್ದಳು.

ಊರವರಿಗಿಂತ ಮೊದಲು ತಾನೇ ನೋಡಿಬಿಡಬೇಕೆಂದು ಶುಕ್ರವಾರ ತಂಗಿಯ ಮಗಳು ಪ್ರಿಯಾಳನ್ನು ಕರೆದುಕೊಂಡು ಕೊಟ್ಟೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತಲೆ ಮೇಲಿನ ಸೆರಗು ತೆಗೆಯಲಿಲ್ಲ. ಟಾಕೀಸಿನ ಕುರ್ಚಿಯಲ್ಲಿ ಕೂತಾಗ ಕಾಲು ನೆಲಕ್ಕೆ ಮುಟ್ಟದೆ ತೂಗಾಡಿದವು. ಪ್ರಿಯಾಳ ಮುಂಗೈ ಗಟ್ಟಿಯಾಗಿ ಹಿಡಿದಳು.

"ದೊಡ್ಡವ್ವ, ಕೈ ನೋಯಾಕತ್ತೈತಿ" ಎಂದಳು ಪ್ರಿಯಾ.

ಗೊಂಬೆ ಮೊದಲ ಸಲ ಬಂದಾಗ ಟಾಕೀಸು ಸುಮ್ಮನಿತ್ತು. ಎರಡನೆಯ ಸಲ ಗೊಂಬೆ ಮಾತಾಡಿತು: ಪಟ್ಟಣದ ಮಗುವಿನ ಮುದ್ದು ದನಿ, ಬಾಯಿ ಮಾತ್ರ ಅಲುಗಲೇ ಇಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ರಕ್ತ ಬಂದಾಗ "ಟೊಮ್ಯಾಟೊ ಸಾರು ಚೆಲ್ಯಾರ ನೋಡ್ಲೇ" ಎಂದನೊಬ್ಬ. ಆಮೇಲೆ ಗೊಂಬೆ ಬಂದಾಗಲೆಲ್ಲ ಸಿಳ್ಳೆ. ಇಂಟರ್‌ವಲ್ಲಿಗೆ ಎದ್ದುಹೋದ ಎಷ್ಟೋ ಜನ ಒಳಗೆ ಬರಲಿಲ್ಲ.

ಗಿಡ್ಡಮ್ಮನ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಮೆಟ್ಟಿಲಿನ ದೃಶ್ಯ ಇನ್ನೂ ಬಂದಿರಲಿಲ್ಲ. ಅದು ಬಂದರೆ ಈ ನಗು ನಿಲ್ಲುತ್ತದೆ. ನಿಂತರೆ ಅಂಗನವಾಡಿಯ ಕೆಲಸಕ್ಕೆ ಕುತ್ತು. ಬರಬಾರದು ಎಂದುಕೊಂಡಳು. ಬರಲಿ ಎಂದೂ ಅನ್ನಿಸಿತು.

ಕೊನೆಗೆ ಕೋಟೆ ಕಂಡಿತು, ಮೆಟ್ಟಿಲು ಕಂಡವು. ಆದರೆ ಅಲ್ಲಿ ಇಳಿದು ಬಂದದ್ದು ಅವಳಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಒಂದು ಗೊಂಬೆ ಹಲ್ಲಿಯಂತೆ ಗೋಡೆ ಮೇಲೆ ಸರಸರ ಹರಿದು, ನಾಯಕನ ಒಂದೇ ಒದೆತಕ್ಕೆ ಪುಡಿಪುಡಿಯಾಯಿತು. ಉಳಿದ ನಾಲ್ಕು ಜನರೂ ಬಿದ್ದು ಬಿದ್ದು ನಕ್ಕರು.

ಹೊರಗೆ ಬಿಸಿಲಿಗೆ ಬಂದ ಮೇಲೆ ಪ್ರಿಯಾ, "ಬಿಡು ದೊಡ್ಡವ್ವ, ಯಾರೂ ಅಂಜಂಗಿಲ್ಲ. ಒಳ್ಳೇದ ಆತು" ಎಂದಳು.

"ಹ್ಞೂಂ, ಒಳ್ಳೇದ ಆತು" ಎಂದಳು ಗಿಡ್ಡಮ್ಮ. ಬಸ್ಸಿನಲ್ಲಿ ಜಾರಿದ ಸೆರಗನ್ನು ಮತ್ತೆ ತಲೆ ಮೇಲೆ ಎಳೆದುಕೊಳ್ಳಲಿಲ್ಲ.

ಆ ಸಿನಿಮಾ ವಾರವೂ ನಿಲ್ಲಲಿಲ್ಲ. ಸೋಮವಾರ ಪಾಲಮ್ಮ ಮಗಳನ್ನು ಕರೆದುಕೊಂಡು ಬಂದಳು. ಗಂಡನ ಫೋನಿನಲ್ಲಿ ಅದರ ತುಣುಕುಗಳನ್ನು ನೋಡಿದ್ದಳಂತೆ.

"ಅಯ್ಯ, ಅದ್ಕ್ಯಾರು ಅಂಜ್ತಾರ ಗಿಡ್ಡಕ್ಕ! ನಮ್ಮ ಹುಡುಗಿ ಹೊಟ್ಟಿ ಹಿಡ್ಕಂಡು ನಕ್ಕಾಳ. ನಾನ ಸುಮ್ನ ಏನೇನೋ ಅನ್ಕಂಡಿದ್ದೆ."

ಗಿಡ್ಡಮ್ಮ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ನಂದೊಂದು ಸೀನ್ ಇತ್ತು ಪಾಲಮ್ಮ. ಅದನ್ನ ತೆಗದುಬಿಟ್ಟಾರ. ಅದನ್ನ ನೀ ನೋಡಿದ್ರ ಇವತ್ತು ಕೂಸಿನ್ನ ಇಲ್ಲಿಗೆ ಕಳಿಸ್ತಿದ್ದಿಲ್ಲ."

ಪಾಲಮ್ಮ ನಗಲು ಬಾಯಿ ತೆರೆದವಳು, ಅವಳ ಮುಖ ನೋಡಿ ನಗಲಿಲ್ಲ. ಅಷ್ಟರಲ್ಲಿ ಮಗು ಅವ್ವನ ಕೈ ಬಿಡಿಸಿಕೊಂಡು ಒಳಗೋಡಿ ಬಂದು, ಗಿಡ್ಡಮ್ಮನ ಹೆಗಲಿಗೆ ಹೆಗಲು ತಾಗಿಸಿ ನಿಂತು ಮೊಟ್ಟೆಗೆ ಕೈ ಒಡ್ಡಿತು.