ಮುಚ್ಚಳ ತೆಗೆಯುವ ಮುನ್ನ

ಸಾಹಿತ್ಯ ಕಲಿಸುವವರಿಗೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಎಂದೂ ಕೊರತೆಯಿಲ್ಲ. ಆದರೆ ಗಡಿಯಾರದ ಎದುರು ಕುಳಿತ ವಿದ್ಯಾರ್ಥಿ ಒಂದೇ ಗಂಟೆಯಲ್ಲಿ ಇಡೀ ಕಾದಂಬರಿಯ ಬಗ್ಗೆ ತನ್ನದೇ ಆದ ಮಾತನ್ನು ಬರೆದು ಮುಗಿಸುವುದು ಹೇಗೆ ಎಂದು ಕಲಿಸುವವರು ಅಪರೂಪ. ಆ ಅಪರೂಪದವರಲ್ಲಿ ಅಗ್ರಗಣ್ಯರಾಗಿ, ಸುದೀರ್ಘ ಸೇವೆಯ ಬಳಿಕ ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ಹಾಜರಿ ಪುಸ್ತಕದ ಹೆಸರಿನಿಂದ ಕರೆದವರು ಕಡಿಮೆ. ವಿದ್ಯಾರ್ಥಿಗಳಿಗೆ, ಸಹೋದ್ಯೋಗಿಗಳಿಗೆ, ಕೊನೆಗೆ ಗಂಟೆ ಹೊಡೆಯುವ ಜವಾನನಿಗೂ ಅವರು ಮುಚ್ಚಳ ಮೇಡಂ. ಪಕ್ಕದ ಕೋಣೆಯಲ್ಲಿ ಭೂಗೋಳ ಕಲಿಸುತ್ತ, ನಡುಗೋಡೆ ತೆಳುವಾದ್ದರಿಂದ ಅರ್ಧ ಸಾಹಿತ್ಯವನ್ನು ಪುಕ್ಕಟೆಯಾಗಿ ಕೇಳಿಸಿಕೊಂಡ ನನಗೆ ಈ ಬಿರುದಿನ ಹಿನ್ನೆಲೆ ಹೇಳುವ ಅವಕಾಶ ಒದಗಿದೆ.

ಅವರು ಸೇವೆಗೆ ಸೇರಿದ ಕಾಲದಲ್ಲಿ ಸಾಹಿತ್ಯದ ಪರೀಕ್ಷೆಯೆಂದರೆ ಕಂಠಪಾಠ, ಅಂದರೆ ಕಂಠದಿಂದ ಕೆಳಗೆ ಇಳಿಯದ ಪಾಠ. ಉತ್ತರ ಗೊತ್ತಿಲ್ಲದವರು ಟ್ಯೂಷನ್ನಿನವರಿಗೆ ದಕ್ಷಿಣೆ ಕೊಟ್ಟು ಉತ್ತರ ತರುತ್ತಿದ್ದರು. ದಿಕ್ಕು ಕಲಿಸುವ ನನಗೇ ಅದು ದಿಕ್ಕುತಪ್ಪಿದ ವ್ಯವಹಾರವಾಗಿ ಕಾಣುತ್ತಿತ್ತು. ಮೇಡಂ ಬಂದವರೇ ಮೇಜಿನ ಮೇಲೆ ಖಾಲಿ ಬಿಸ್ಕತ್ತಿನ ಡಬ್ಬಿ ಇಟ್ಟು, ಎಲ್ಲರ ಪೆನ್ನುಗಳನ್ನೂ ಅದಕ್ಕೆ ಹಾಕಿಸಿದರು. ಪ್ರಶ್ನೆ ಓದಿದ ಮೇಲೆ ಮೊದಲ ಹತ್ತು ನಿಮಿಷ ಯಾರೂ ಬರೆಯುವಂತಿಲ್ಲ. ಯೋಚಿಸಿ, ಎದ್ದು ಬಂದು, ತನ್ನ ಅಭಿಪ್ರಾಯವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಮೇಡಂ "ಯಾಕೆ?" ಎನ್ನುತ್ತಾರೆ. ಅದಕ್ಕೆ ಕಾದಂಬರಿಯಿಂದಲೇ ಆಧಾರ ಕೊಟ್ಟವರಿಗೆ ಪೆನ್ನು ವಾಪಸ್. ನಿಜವಾದ ಪರೀಕ್ಷೆಯಲ್ಲಿ ಡಬ್ಬಿ ಇರುವುದಿಲ್ಲವಾದ್ದರಿಂದ, ಪೆನ್ನಿನ ಮುಚ್ಚಳ ತೆಗೆಯದೆ ಕುಳಿತು ಆ "ಯಾಕೆ"ಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

"ಮೇಡಂ, ಟೈಮ್ ಹೋಗ್ತಿದೆ!" ಎಂದು ಮಕ್ಕಳು ಗೋಗರೆಯುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು.

"ಅದು ಹೋಗ್ಲಿ ಬಿಡು. ನೀನು ಮಾತ್ರ ಎಲ್ಲಿಗೂ ಹೋಗ್ಬೇಡ, ಪ್ರಶ್ನೆ ಹತ್ರಾನೇ ಇರು."

ಈ ಪದ್ಧತಿಯಿಂದ ಪ್ರಾಂಶುಪಾಲರ ನಿದ್ದೆ ಕೆಟ್ಟಿತ್ತು. "ಮೇಡಂ, ನಾಲ್ಕು ಇಂಪಾರ್ಟೆಂಟ್ ಪ್ರಶ್ನೆಗೆ ಉತ್ತರ ಬರೆಸಿಬಿಡಿ. ಎಲ್ರೂ ನೆಮ್ಮದಿಯಾಗಿರೋಣ."

"ನೀವು ನೆಮ್ಮದಿಯಾಗಿರ್ತೀರಿ ಸರ್. ಐದನೇ ಪ್ರಶ್ನೆ ಬಂದ್ರೆ ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಆ ಐದನೇ ಪ್ರಶ್ನೆ ಬಂದೇ ಬಂತು, ಬರಬಾರದ ವರ್ಷದಲ್ಲಿ. ಆ ತರಗತಿಯಲ್ಲಿ ಬಸ್ ಡ್ರೈವರೊಬ್ಬರ ಮಗಳಿದ್ದಳು. ಗೆಳತಿಯರು ಅವಳನ್ನು ಧಾರಾವಾಹಿ ಎಂದು ಕರೆಯುತ್ತಿದ್ದರು. ಯಾವ ಪ್ರಶ್ನೆ ಕೇಳಿದರೂ ಕಾದಂಬರಿಯ ಕಥೆಯನ್ನು ಮೊದಲಿನಿಂದ ಹೇಳಲು ತೊಡಗುತ್ತಿದ್ದಳು; ಮೂರನೇ ಅಧ್ಯಾಯ ತಲುಪುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಹಾಗಾಗಿಯೇ ಹಿಂದಿನ ವರ್ಷ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಓದು ಬಿಡಿಸಿ ಚಿಕ್ಕಮ್ಮನ ಹೊಲಿಗೆ ಅಂಗಡಿಗೆ ಸೇರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಪ್ಪನ ಬಸ್ಸು ಕೊನೆಯ ಟ್ರಿಪ್ಪು ಮುಗಿಸಿ ಬರುವವರೆಗೆ ಮೇಡಂ ದಿನವೂ ಅವಳೊಂದಿಗೆ ವರಾಂಡದ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವಳು "ಒಂದೂರಲ್ಲಿ ಒಬ್ಬ ಬೀಗ ರಿಪೇರಿಯವನು" ಎಂದು ಆರಂಭಿಸುವುದೇ ತಡ, "ಕಥೆ ನಂಗೂ ಗೊತ್ತು ಕಣಮ್ಮ, ನಿಂಗೇನನ್ಸುತ್ತೆ ಹೇಳು" ಎನ್ನುತ್ತಿದ್ದರು. ನಿನಗೇನನ್ನಿಸುತ್ತದೆ ಎಂದು ಅವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಪರೀಕ್ಷೆಯ ದಿನ ಮೇಡಂ ತರಗತಿ ಕುಳಿತ ಕೊಠಡಿಯ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ವಿಷಯದ ಶಿಕ್ಷಕರಿಗೆ ಒಳಗೆ ಪ್ರವೇಶವಿಲ್ಲದ ಕಾರಣ ಮೇಡಂ ಗೇಟಿನಾಚೆ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಶತಪಥ ತಿರುಗುವುದು ಕಿಟಕಿಯಿಂದ ಕಾಣುತ್ತಿತ್ತು. ಅಷ್ಟು ಗಟ್ಟಿಗಿತ್ತಿ ಹಾಗೆ ತಳಮಳಿಸುವುದನ್ನು ನಾನು ಕಂಡದ್ದು ಅದೇ ಮೊದಲು. ಪ್ರಶ್ನೆಪತ್ರಿಕೆ ಹಂಚಿದೆ. ಎಲ್ಲರೂ ಆ ಬೀಗದ ಕಾದಂಬರಿಯ ನಾಯಕಿಯಾದ ಸೊಸೆಯ ತ್ಯಾಗದ ಬಗ್ಗೆ ಪ್ರಶ್ನೆ ಬರುತ್ತದೆಂದು ನಂಬಿದ್ದರೆ, ಬಂದದ್ದು ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಮಾತೇ ಆಡದೆ ಓಡಾಡುವ ಅತ್ತೆಯ ಪಾತ್ರದ ಬಗ್ಗೆ. ಆಚೀಚೆ ಕೊಠಡಿಗಳಲ್ಲಿ ಬೇರೆ ಕಡೆಯ ಮಕ್ಕಳ ಪೆನ್ನುಗಳು ಓಟ ಕಿತ್ತವು. ಸೊಸೆಯ ತ್ಯಾಗವನ್ನೇ ಅತ್ತೆಯ ತಲೆಗೆ ಕಟ್ಟುವ ಅವಸರವಿರಬೇಕು. ನನ್ನ ಕೊಠಡಿಯಲ್ಲಿ ಮಾತ್ರ ಒಂದು ಪೆನ್ನೂ ಮುಚ್ಚಳ ಕಳಚಲಿಲ್ಲ.

ಮುಖ್ಯ ಅಧೀಕ್ಷಕರು ಒಳಗೆ ಬಂದವರೇ ಬಾಗಿಲಲ್ಲಿ ನಿಂತುಬಿಟ್ಟರು. "ಏನ್ರೀ ಇದು, ಮುಷ್ಕರಾನಾ?"

"ಇಲ್ಲ ಸರ್, ಯೋಚನೆ ಮಾಡ್ತಿದಾರೆ."

"ಪರೀಕ್ಷೆ ಹಾಲಲ್ಲಿ ಯೋಚನೇನಾ? ಅದನ್ನೆಲ್ಲ ಮನೇಲಿ ಮುಗಿಸ್ಕೊಂಡು ಬರ್ಬೇಕಪ್ಪ! ಬರೀರಿ, ಬರೀರಿ!"

ಅಷ್ಟರಲ್ಲಿ ಹತ್ತು ನಿಮಿಷವೂ ಕಳೆದಿತ್ತು. ಒಂದೊಂದಾಗಿ ಮುಚ್ಚಳಗಳು ತೆರೆದವು. ಡ್ರೈವರ್ ಮಗಳ ಮುಚ್ಚಳ ಮಾತ್ರ ತೆರೆಯಲಿಲ್ಲ. ಗಡಿಯಾರದ ಮುಳ್ಳು ಸರಿಯಿತು, ಇನ್ನಷ್ಟು ಸರಿಯಿತು. ಪೆನ್ನನ್ನು ಬಿಗಿಹಿಡಿದ ಅವಳ ಬೆರಳುಗಳು ಬೆಳ್ಳಗಾಗಿದ್ದವು, ತುಟಿ ಅಲುಗುತ್ತಿತ್ತು. ಅಧೀಕ್ಷಕರು ಬಾಗಿ ನಿಂತರು.

"ಯಾರ ಜೊತೆ ಮಾತಾಡ್ತಿದೀಯಾ?"

"ನನ್ ಜೊತೆನೇ ಸರ್."

"ಕಾಪಿ ಹೊಡೀತಿದೀಯಾ? ಕೊಡಿಲ್ಲಿ!" ಎಂದು ಉತ್ತರಪತ್ರಿಕೆ ಕಿತ್ತುಕೊಂಡರು. ಹುಡುಗಿಯ ಕಣ್ಣು ತುಂಬಿತು. ನಾನು ನಡುವೆ ಬಂದು ನಿಂತೆ: "ಸರ್, ಹಾಳೆ ಖಾಲಿ ಇದೆ. ಕಾಪಿ ಹೊಡೆಯೋರು ಒಂದಕ್ಷರಾನಾದ್ರೂ ಹೊಡೀತಾರಲ್ಲ?" ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೇಜಿನ ಮೇಲೆ ಬಿಸಾಕಿ ಹೊರಟುಹೋದರು. ಅವಳು ಕಣ್ಣೊರೆಸಿಕೊಂಡು ಮತ್ತೆ ತುಟಿಯಲುಗಿಸಿದಳು. ಕೊನೆಗೆ ಟಕ್ ಎಂದಿತು ಮುಚ್ಚಳ. ಆ ಮೇಲೆ ಅವಳು ತಲೆಯೆತ್ತಲಿಲ್ಲ. ಜವಾನ ಗಂಟೆಗೆ ಕೈಹಾಕುವ ಮೊದಲೇ ಮುಚ್ಚಳ ಹಾಕಿ ಕೈಕಟ್ಟಿ ಕುಳಿತಿದ್ದಳು.

ಗೇಟಿನ ಬಳಿ ಮೇಡಂ ಪ್ರಶ್ನೆ ಕಷ್ಟವಿತ್ತೇ ಎಂದು ಕೇಳಲಿಲ್ಲ. "ಏನಂತ ಅನ್ನಿಸ್ತು?" ಎಂದರು.

"ಸೊಸೆ ಓಡಿಹೋಗ್ತಾಳೆ ಅಂತಲ್ಲ ಮೇಡಂ, ತಾನೊಬ್ಬಳೇ ಉಳಿದುಬಿಡ್ತೀನಿ ಅನ್ನೋ ಹೆದರಿಕೆಗೆ ಅತ್ತೆ ಬೀಗ ಹಾಕ್ತಿದ್ಳು."

"ಯಾಕೆ?"

"ಹೊರಬಾಗಿಲಿಗೆ ಬೀಗ ಹಾಕಿದ್ ಮೇಲೂ, ಪ್ರತೀ ಸಲಾನೂ ಅತ್ತೆ ಹೋಗಿ ಸೊಸೆ ಕೋಣೆ ಮುಂದೇನೇ ಮಲಗ್ತಾಳಲ್ಲ, ಮೇಡಂ!"

ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟರು. ಫಲಿತಾಂಶ ಬರುವವರೆಗೆ ನಾವೆಲ್ಲ ಉಗುರು ಕಚ್ಚಿದೆವು. ಅವಳು ಪಾಸಾದಳು. ಹೊಲಿಗೆ ಅಂಗಡಿಗೆ ಹೋದಳು, ಹೊಸ ಅಂಗಿ ಹೊಲಿಸಿಕೊಳ್ಳಲು.

ಆಕೆಯೇ ಇಂದು ಈ ಅಭಿನಂದನ ಸಂಪುಟದ ಸಂಪಾದಕಿ. ಲೇಖನ ಕೇಳಲು ಫೋನ್ ಮಾಡಿದಾಗ, "ಸರ್, ಮೇಡಂ ಕಥೆ ಎಲ್ರಿಗೂ ಗೊತ್ತು. ನಿಮಗೇನನ್ಸುತ್ತೋ ಅದನ್ನ ಬರೀರಿ" ಎಂದು ಎಚ್ಚರಿಸಿದ್ದರು. ನಾನೋ, ಮೊದಲಿನಿಂದ ಕಥೆಯನ್ನೇ ಹೇಳಿಕೊಂಡು ಬಂದು, ಗಂಟೆ ಹೊಡೆಯುವ ಹೊತ್ತಿಗೆ ಇಲ್ಲಿ ನಿಂತಿದ್ದೇನೆ. ಆದ್ದರಿಂದ ಕೊನೆಗಾದರೂ ನನ್ನ ಒಂದು ವಾಕ್ಯ: ಭಯವನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡೇ ಯೋಚಿಸಬಹುದೆಂದು ನಮ್ಮ ಮೇಡಂ ಮಕ್ಕಳಿಗೆ ತೋರಿಸಿಕೊಟ್ಟರು. ಅವರ ಆಯಸ್ಸು ಆರೋಗ್ಯಗಳು ವರ್ಧಿಸಲಿ. ಮನೆಯ ಮೆಟ್ಟಿಲ ಮೇಲೂ ಆ ಬಿಸ್ಕತ್ತಿನ ಡಬ್ಬಿ ಬಹುಕಾಲ ಪೆನ್ನುಗಳಿಂದ ತುಂಬಿರಲಿ.

ಸಂಪಾದಕಿಯವರು "ಯಾಕೆ?" ಎಂದರೆ, ಮೇಲೆ ಬರೆದದ್ದೇ ಆಧಾರ. ಮುಚ್ಚಳ ಹಾಕುತ್ತಿದ್ದೇನೆ.